ಅಲಾಟ್‌ಮೆಂಟ್ ತೋಟ (ಬ್ರಿಟನ್)

ಅಲಾಟ್‌ಮೆಂಟ್ ತೋಟ ಅಥವಾ ಅಲಾಟ್‌ಮೆಂಟ್ ಎಂಬುದು ಬ್ರಿಟನ್ನಿನಲ್ಲಿ ಮನೆಬಳಕೆಯ ತರಕಾರಿ ಮತ್ತು ಹಣ್ಣುಗಳನ್ನು ಬೆಳೆಯುವ ಸಲುವಾಗಿ ಕುಟುಂಬವೊಂದು ಬಾಡಿಗೆಗೆ ಪಡೆಯುವ ಸಣ್ಣ ಭೂಭಾಗವಾಗಿದೆ. ಇಂತಹ ಹತ್ತಾರು ಅಥವಾ ನೂರಾರು ತುಂಡುಗಳು ಒಂದೇ ಬಯಲಿನಲ್ಲಿ ಅಕ್ಕಪಕ್ಕದಲ್ಲಿರುತ್ತವೆ. ಹೆಚ್ಚಿನವುಗಳ ಒಡೆತನ ಪಟ್ಟಣ, ನಗರ ಅಥವಾ ಗ್ರಾಮದ ಸ್ಥಳೀಯ ಆಡಳಿತಕ್ಕೆ ಸೇರಿದ್ದು, ಉಳಿದವು ಚರ್ಚುಗಳು, ರೈಲ್ವೆ ಮತ್ತು ಖಾಸಗಿ ಭೂಮಾಲೀಕರ ಕೈಯಲ್ಲಿವೆ. ಬ್ರಿಟನ್ನಿನಲ್ಲಿ ಇಂದು ಸುಮಾರು 3 ಲಕ್ಷ ಅಲಾಟ್‌ಮೆಂಟ್‌ಗಳಿವೆ ಎಂದು ಅಂದಾಜಿಸಲಾಗಿದೆ. ಭೂಹೀನ ಕೃಷಿಕೂಲಿಗಳ ಹಸಿವನ್ನು ತಗ್ಗಿಸಲು ಆರಂಭವಾದ ಈ ವ್ಯವಸ್ಥೆಯು ಎರಡು ಮಹಾಯುದ್ಧಗಳ ಕಾಲದಲ್ಲಿ ದೇಶದ ಆಹಾರ ಭದ್ರತೆಯ ಭಾಗವಾಗಿ ಬೆಳೆಯಿತು. ಈಗ ಅದು ಮನೆಯಡುಗೆ, ತೋಟಗಾರಿಕೆ ಮತ್ತು ಊರಿನ ಹಬ್ಬಗಳನ್ನು ಒಂದಕ್ಕೊಂದು ಬೆಸೆಯುವ ಸಾಮಾಜಿಕ ಸಂಸ್ಥೆಯಾಗಿ ಉಳಿದಿದೆ.

ಹೆಸರು ಮತ್ತು ಅಳತೆ

ಅಲಾಟ್‌ಮೆಂಟ್ ಎಂಬ ಇಂಗ್ಲಿಷ್ ಪದಕ್ಕೆ ಹಂಚಿಕೊಟ್ಟದ್ದು, ಪಾಲಿಗೆ ಬಂದದ್ದು ಎಂಬ ಅರ್ಥವಿದೆ. ಸಾಮುದಾಯಿಕ ಭೂಮಿಗೆ ಬೇಲಿ ಹಾಕಿ ಖಾಸಗಿ ಸ್ವತ್ತಾಗಿ ಪರಿವರ್ತಿಸಿದಾಗ ಹಕ್ಕುದಾರರಿಗೆ ಹಂಚಲಾದ ತುಂಡುಗಳನ್ನು ಈ ಹೆಸರಿನಿಂದ ಕರೆಯಲಾಗುತ್ತಿತ್ತು. ಮುಂದೆ ಬಡವರಿಗಾಗಿ ಮೀಸಲಿಟ್ಟ ತೋಟಗಳಿಗೆ ಅದೇ ಹೆಸರು ಉಳಿದುಕೊಂಡಿತು.

ಸಾಂಪ್ರದಾಯಿಕವಾಗಿ ಒಂದು ಪೂರ್ಣ ತುಂಡಿನ ವಿಸ್ತೀರ್ಣ 10 ರಾಡ್. ರಾಡ್ ಎಂಬುದು ಐದೂವರೆ ಗಜ ಉದ್ದದ ಹಳೆಯ ಇಂಗ್ಲಿಷ್ ಅಳತೆಯಾಗಿದ್ದು, ಪೋಲ್ ಮತ್ತು ಪರ್ಚ್ ಎಂಬ ಹೆಸರುಗಳೂ ಅದಕ್ಕಿವೆ. 10 ಚದರ ರಾಡ್ ಎಂದರೆ ಸುಮಾರು 250 ಚದರ ಮೀಟರ್, ಎಕರೆಯ ಹದಿನಾರನೆಯ ಒಂದು ಭಾಗ. ಕರ್ನಾಟಕದ ಭೂ ಅಳತೆಯಲ್ಲಿ ಎರಡೂವರೆ ಗುಂಟೆ. ಕುಟುಂಬವೊಂದಕ್ಕೆ ವರ್ಷದ ಬಹುಪಾಲು ತರಕಾರಿಯನ್ನು ಒದಗಿಸಲು ಇಷ್ಟು ನೆಲ ಸಾಕೆಂದು ಪರಿಗಣಿಸಲಾಗಿತ್ತು. ಬೇಡಿಕೆ ಹೆಚ್ಚಿರುವ ನಗರಗಳಲ್ಲಿ ಈಗ ಅರ್ಧ ಅಥವಾ ಕಾಲು ತುಂಡುಗಳನ್ನು ನೀಡುವುದು ಸಾಮಾನ್ಯವಾಗಿದೆ.

ಇತಿಹಾಸ

ಬೇಲಿ ಶಾಸನಗಳು ಮತ್ತು ಆರಂಭ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಜಾನುವಾರು ಮೇಯಿಸಲು, ಸೌದೆ ಆರಿಸಲು ಮತ್ತು ಅಲ್ಪಸ್ವಲ್ಪ ಬೆಳೆ ತೆಗೆಯಲು ಸಾಮಾನ್ಯ ಜನರಿಗೆ ಸಾಮುದಾಯಿಕ ಭೂಮಿಯ ಮೇಲೆ ರೂಢಿಗತ ಹಕ್ಕುಗಳಿದ್ದವು. 1604 ಮತ್ತು 1914ರ ನಡುವೆ ಬ್ರಿಟಿಷ್ ಸಂಸತ್ತು 5,200ಕ್ಕೂ ಹೆಚ್ಚು ಬೇಲಿ ಶಾಸನಗಳನ್ನು ಅಂಗೀಕರಿಸಿತು. ಇವುಗಳಿಂದ ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ನೆಲ, ಖಾಸಗಿ ಒಡೆತನಕ್ಕೆ ಒಳಪಟ್ಟಿತು. ಬೇಸಾಯದ ಇಳುವರಿ ಹೆಚ್ಚಿತಾದರೂ ತುಂಡು ನೆಲವೂ ಇಲ್ಲದ ಕೂಲಿಕಾರರ ದೊಡ್ಡ ವರ್ಗವೊಂದು ಸೃಷ್ಟಿಯಾಯಿತು. 1649ರಲ್ಲಿಯೇ ಜೆರಾರ್ಡ್ ವಿನ್‌ಸ್ಟಾನ್ಲಿಯ ನೇತೃತ್ವದ ಡಿಗ್ಗರ್ಸ್ ಎಂಬ ಗುಂಪು ಸರ್ರೆಯ ಸೇಂಟ್ ಜಾರ್ಜ್ ಬೆಟ್ಟದ ಬೀಳುನೆಲವನ್ನು ಅಗೆದು ತರಕಾರಿ ಬಿತ್ತಿ, ಭೂಮಿಯು ಎಲ್ಲರ ಸ್ವತ್ತೆಂದು ಸಾರಿತ್ತು. ಸ್ಥಳೀಯ ಭೂಮಾಲೀಕರ ವಿರೋಧದಿಂದಾಗಿ ಆ ಪ್ರಯತ್ನ ಹೆಚ್ಚು ಕಾಲ ಬಾಳಲಿಲ್ಲ.

ವಿಲ್ಟ್‌ಶೈರಿನ ಗ್ರೇಟ್ ಸೋಮರ್‌ಫೋರ್ಡ್ ಗ್ರಾಮದಲ್ಲಿ 1809ರಲ್ಲಿ ಪಾದ್ರಿ ಸ್ಟೀಫನ್ ಡೆಮೈನ್‌ಬ್ರೇ ಅವರ ಪ್ರಯತ್ನದಿಂದ ಬಡವರಿಗಾಗಿ ಮೀಸಲಾದ ‘ಫ್ರೀ ಗಾರ್ಡನ್ಸ್’ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಅಲಾಟ್‌ಮೆಂಟ್‌ಗಳಲ್ಲಿ ಒಂದೆಂದು ಪರಿಗಣಿತವಾಗಿದೆ. 1830ರಲ್ಲಿ ದಕ್ಷಿಣ ಹಾಗೂ ಪೂರ್ವ ಇಂಗ್ಲೆಂಡಿನ ಕೃಷಿಕೂಲಿಗಳು ಒಕ್ಕಣೆ ಯಂತ್ರಗಳನ್ನು ಒಡೆದು ನಡೆಸಿದ ‘ಸ್ವಿಂಗ್’ ದಂಗೆಗಳ ಬಳಿಕ ಭೂಮಾಲೀಕರಲ್ಲಿ ಹಲವರು ತೋಟ ಹಂಚಿಕೆಯನ್ನು ಬೆಂಬಲಿಸತೊಡಗಿದರು. ತೋಟವಿರುವ ಕೂಲಿಕಾರನು ದಂಗೆಗೂ ಹೆಂಡದಂಗಡಿಗೂ ಹೋಗಲಾರನು ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಇನ್ನೊಂದೆಡೆ, ತೋಟದಲ್ಲಿ ದಣಿದವನು ಮರುದಿನ ತಮ್ಮ ಹೊಲದಲ್ಲಿ ಸರಿಯಾಗಿ ದುಡಿಯಲಾರನೆಂದು ಆಕ್ಷೇಪಿಸಿದ ರೈತರೂ ಇದ್ದರು.

ಶಾಸನಗಳು

1845ರ ಸಾಮಾನ್ಯ ಬೇಲಿ ಶಾಸನವು ಭೂಹೀನ ಬಡವರಿಗೆ ತಲಾ ಕಾಲು ಎಕರೆ ಮೀರದ ‘ಹೊಲದೋಟ’ಗಳನ್ನು ಮೀಸಲಿಡಲು ಅವಕಾಶ ಕಲ್ಪಿಸಿತಾದರೂ ಅದರಿಂದ ದೊರೆತ ಭೂಮಿ ತೀರಾ ಅಲ್ಪ. 1887ರ ಅಲಾಟ್‌ಮೆಂಟ್ ಶಾಸನವು ಬೇಡಿಕೆಯಿರುವಲ್ಲಿ ತೋಟ ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ವಹಿಸಿತು. ಅನಂತರದ ಮುಖ್ಯ ಶಾಸನಗಳು ಹೀಗಿವೆ:

- 1908: ಸಣ್ಣ ಹಿಡುವಳಿ ಮತ್ತು ಅಲಾಟ್‌ಮೆಂಟ್ ಶಾಸನ. ಹಿಂದಿನ ಕಾನೂನುಗಳನ್ನು ಕ್ರೋಡೀಕರಿಸಿದ ಇದು ಇಂದಿನ ವ್ಯವಸ್ಥೆಯ ತಳಹದಿ. ಆರು ಮಂದಿ ಮತದಾರರು ಅಥವಾ ತೆರಿಗೆದಾರರು ಲಿಖಿತ ಮನವಿ ಸಲ್ಲಿಸಿದರೆ ಸ್ಥಳೀಯ ಆಡಳಿತವು ಅದನ್ನು ಪರಿಗಣಿಸಲೇಬೇಕು.
- 1919: ಯುದ್ಧದಿಂದ ಮರಳಿದ ಸೈನಿಕರಿಗೆ ನೆಲ ಒದಗಿಸುವ ಶಾಸನ. ತೋಟಗಳು ಕೇವಲ ‘ದುಡಿಯುವ ವರ್ಗ’ಕ್ಕೆ ಎಂಬ ಮಿತಿಯನ್ನು ಇದು ತೆಗೆದುಹಾಕಿತು.
- 1922: ಅಲಾಟ್‌ಮೆಂಟ್ ತೋಟದ ವ್ಯಾಖ್ಯೆಯನ್ನು ನೀಡಿದ ಶಾಸನ. ಇದರ ಪ್ರಕಾರ ತೋಟವು 40 ಪೋಲ್ ಮೀರಬಾರದು. ಬಾಡಿಗೆದಾರನು ತನ್ನ ಹಾಗೂ ಕುಟುಂಬದ ಬಳಕೆಗಾಗಿ ಪೂರ್ಣವಾಗಿ ಅಥವಾ ಬಹುಮಟ್ಟಿಗೆ ತರಕಾರಿ, ಹಣ್ಣುಗಳನ್ನೇ ಬೆಳೆಯಬೇಕು.
- 1925: ಅಲಾಟ್‌ಮೆಂಟ್‌ಗೆಂದೇ ಪಡೆದ ನೆಲವನ್ನು ಸಚಿವರ ಒಪ್ಪಿಗೆಯಿಲ್ಲದೆ ಮಾರುವುದನ್ನೂ ಅನ್ಯ ಉದ್ದೇಶಕ್ಕೆ ಬಳಸುವುದನ್ನೂ ನಿಷೇಧಿಸಿದ ಶಾಸನ.
- 1950: ತೆರವಿಗೆ ಮುನ್ನ ನೀಡಬೇಕಾದ ಸೂಚನೆಯ ಅವಧಿಯನ್ನು 12 ತಿಂಗಳಿಗೆ ಏರಿಸಿದ ಶಾಸನ. ವ್ಯಾಪಾರದ ಉದ್ದೇಶವಿಲ್ಲದೆ ಕೋಳಿ ಮತ್ತು ಮೊಲಗಳನ್ನು ಸಾಕುವ ಹಕ್ಕನ್ನೂ ಇದು ನೀಡಿತು.

ಈ ಶಾಸನಗಳು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುತ್ತವೆ. ಒಳ ಲಂಡನ್ನಿನ ಬರೋಗಳಿಗೆ ತೋಟ ಒದಗಿಸುವ ಅಧಿಕಾರವಿದ್ದರೂ ಕಡ್ಡಾಯ ಹೊಣೆಯಿಲ್ಲ. ಸ್ಕಾಟ್ಲೆಂಡಿನಲ್ಲಿ 1892ರಿಂದ ಪ್ರತ್ಯೇಕ ಕಾನೂನು ಜಾರಿಯಲ್ಲಿತ್ತು. ಅಲ್ಲಿ 2015ರ ಸಮುದಾಯ ಸಬಲೀಕರಣ ಶಾಸನದ ಪ್ರಕಾರ ಅರ್ಜಿದಾರರು ಐದು ವರ್ಷಕ್ಕಿಂತ ಹೆಚ್ಚು ಕಾಲ ಕಾಯದಂತೆ ನೋಡಿಕೊಳ್ಳಲು ಸ್ಥಳೀಯ ಆಡಳಿತವು ಸೂಕ್ತ ಕ್ರಮ ಕೈಗೊಳ್ಳಬೇಕು.

ನಗರದ ತೋಟಗಳು

ಕೈಗಾರಿಕಾ ನಗರಗಳಲ್ಲಿ ವ್ಯಾಪಾರಿಗಳು ಮತ್ತು ಕುಶಲಕರ್ಮಿಗಳು ಮನೆಯಿಂದ ದೂರದಲ್ಲಿ ಬಾಡಿಗೆ ತೋಟಗಳನ್ನು ಹೊಂದುವ ಪದ್ಧತಿ ಬೆಳೆಯಿತು. ಬರ್ಮಿಂಗ್‌ಹ್ಯಾಮಿನಲ್ಲಿ ಇವುಗಳ ವಾರ್ಷಿಕ ಬಾಡಿಗೆ ಒಂದು ಗಿನಿ ಆಗಿದ್ದುದರಿಂದ ‘ಗಿನಿ ತೋಟಗಳು’ ಎಂಬ ಹೆಸರು ಬಂದಿತು. ನಾಟಿಂಗ್‌ಹ್ಯಾಮಿನ ಸೇಂಟ್ ಆನ್ಸ್ ಅಲಾಟ್‌ಮೆಂಟ್‌ಗಳು ಸುಮಾರು 75 ಎಕರೆ ವ್ಯಾಪಿಸಿದ್ದು, ಎತ್ತರದ ಹಸಿರು ಬೇಲಿಗಳಿಂದ ಸುತ್ತುವರಿದ ವಿಕ್ಟೋರಿಯಾ ಕಾಲದ ತೋಟಗಳ ಸ್ವರೂಪವನ್ನು ಉಳಿಸಿಕೊಂಡಿವೆ. ಇವು ಸಂರಕ್ಷಿತ ಪಾರಂಪರಿಕ ತಾಣಗಳ ಪಟ್ಟಿಯಲ್ಲಿ ಸೇರಿವೆ.

ಮಹಾಯುದ್ಧಗಳ ಕಾಲ

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಆಹಾರ ಹೊತ್ತ ಹಡಗುಗಳನ್ನು ಮುಳುಗಿಸತೊಡಗಿದಾಗ, ಪಾಳುಬಿದ್ದ ನೆಲವನ್ನು ವಶಪಡಿಸಿಕೊಂಡು ತೋಟ ಮಾಡುವ ಅಧಿಕಾರವನ್ನು 1916ರ ಕೊನೆಯಲ್ಲಿ ಸ್ಥಳೀಯ ಆಡಳಿತಗಳಿಗೆ ನೀಡಲಾಯಿತು. 1918ರ ಹೊತ್ತಿಗೆ ತೋಟಗಳ ಸಂಖ್ಯೆ ಸುಮಾರು 15 ಲಕ್ಷಕ್ಕೆ ಏರಿತು. ಅನಂತರದ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಕ್ವೇಕರ್ ಪಂಥದವರು ನಿರುದ್ಯೋಗಿ ಗಣಿ ಕಾರ್ಮಿಕರಿಗೆ ಬೀಜ, ಗೊಬ್ಬರ ಮತ್ತು ಸಲಕರಣೆಗಳನ್ನು ಒದಗಿಸಿ ತೋಟ ಮಾಡಲು ನೆರವಾದರು.

ಎರಡನೆಯ ಮಹಾಯುದ್ಧದ ಆರಂಭದಲ್ಲಿ, 1939ರ ಅಕ್ಟೋಬರ್‌ನಲ್ಲಿ, ಸರ್ಕಾರವು ಮುಂದೆ ‘ಡಿಗ್ ಫಾರ್ ವಿಕ್ಟರಿ’ ಅಂದರೆ ‘ಗೆಲುವಿಗಾಗಿ ಅಗೆಯಿರಿ’ ಎಂದು ಪ್ರಸಿದ್ಧವಾದ ಪ್ರಚಾರವನ್ನು ಆರಂಭಿಸಿತು. ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ ಲಂಡನ್ ಗೋಪುರದ ಕಂದಕದಲ್ಲಿಯೂ ತರಕಾರಿ ಬೆಳೆಯಲಾಯಿತು. ಸಿ. ಎಚ್. ಮಿಡಲ್‌ಟನ್ ಅವರು ಬಿಬಿಸಿ ರೇಡಿಯೊದಲ್ಲಿ ನೀಡುತ್ತಿದ್ದ ತೋಟಗಾರಿಕೆಯ ಸಲಹೆಗಳು ಅಪಾರ ಜನಪ್ರಿಯತೆ ಗಳಿಸಿದವು. ಅಲಾಟ್‌ಮೆಂಟ್‌ಗಳ ಸಂಖ್ಯೆ ಮತ್ತೆ ಸುಮಾರು 14 ಲಕ್ಷ ತಲುಪಿತು. 1940ರ ಜನವರಿಯಲ್ಲಿ ಆರಂಭವಾದ ಆಹಾರ ಪಡಿತರವು 1954ರ ಜುಲೈವರೆಗೆ ಮುಂದುವರಿಯಿತು. ಬೆಣ್ಣೆ, ಮಾಂಸ, ಸಕ್ಕರೆಗಳಿಗೆ ಪಡಿತರವಿದ್ದರೂ ತರಕಾರಿಗೆ ಇರಲಿಲ್ಲ. ಆದುದರಿಂದ ಅಡುಗೆಮನೆಯ ಕೊರತೆಯನ್ನು ತುಂಬುವ ಭಾರ ಬಹಳಷ್ಟು ತೋಟದ ಮೇಲೆಯೇ ಬಿತ್ತು.

ಯುದ್ಧಾನಂತರ

ಆಹಾರ ಸಮೃದ್ಧಿ, ಶೀತಲ ಪೆಟ್ಟಿಗೆ ಮತ್ತು ಸೂಪರ್‌ಮಾರ್ಕೆಟ್‌ಗಳ ಆಗಮನದಿಂದ 1950 ಮತ್ತು 60ರ ದಶಕಗಳಲ್ಲಿ ತೋಟಗಳ ಬೇಡಿಕೆ ಕುಸಿಯಿತು. ಭೂಗೋಳಶಾಸ್ತ್ರದ ಪ್ರಾಧ್ಯಾಪಕ ಹ್ಯಾರಿ ಥೋರ್ಪ್ ಅವರ ಅಧ್ಯಕ್ಷತೆಯ ಸಮಿತಿಯು 1969ರಲ್ಲಿ ಸಲ್ಲಿಸಿದ ವರದಿಯು ಇವುಗಳನ್ನು ‘ವಿರಾಮ ತೋಟ’ಗಳಾಗಿ ಪುನರ್ರೂಪಿಸುವಂತೆ ಶಿಫಾರಸು ಮಾಡಿತು. 1970ರ ದಶಕದ ಬೆಲೆಯೇರಿಕೆ ಮತ್ತು ಸ್ವಾವಲಂಬನೆಯ ಒಲವಿನಿಂದ ಆಸಕ್ತಿ ಮರುಕಳಿಸಿತು. ನಗರದ ಹಿತ್ತಿಲಿನಲ್ಲಿ ಬೇಸಾಯಕ್ಕೆ ತೊಡಗುವ ದಂಪತಿಗಳ ಕಥೆಯುಳ್ಳ ಬಿಬಿಸಿಯ ಹಾಸ್ಯ ಧಾರಾವಾಹಿ ‘ದಿ ಗುಡ್ ಲೈಫ್’ (1975–78) ಈ ಕಾಲದ್ದು. 21ನೆಯ ಶತಮಾನದಲ್ಲಿ ಅನೇಕ ನಗರಗಳ ಕಾಯುವ ಪಟ್ಟಿಗಳು ಹಲವು ವರ್ಷಗಳಷ್ಟು ಉದ್ದವಾಗಿವೆ.

ಬೇಸಾಯದ ವರ್ಷ

ಬ್ರಿಟನ್ನಿನ ಸಮಶೀತೋಷ್ಣ ಹವೆಯಲ್ಲಿ ತೋಟದ ಕೆಲಸವು ಹಿಮದ ಅವಧಿಯನ್ನು ಅನುಸರಿಸಿ ಸಾಗುತ್ತದೆ.

- ಜನವರಿ–ಫೆಬ್ರವರಿ: ಸೇಬಿನ ಗಿಡಗಳ ಸವರುವಿಕೆ, ಬಿತ್ತನೆ ಆಲೂಗಡ್ಡೆಯನ್ನು ಮೊಟ್ಟೆಯ ತಟ್ಟೆಗಳಲ್ಲಿ ಬೆಳಕಿಗಿಟ್ಟು ಮೊಳಕೆ ಬರಿಸುವುದು.
- ಮಾರ್ಚ್–ಏಪ್ರಿಲ್: ಈರುಳ್ಳಿ ಮತ್ತು ಆಲೂಗಡ್ಡೆಯ ನಾಟಿ. ಮೊದಲ ಆಲೂಗಡ್ಡೆಯನ್ನು ಗುಡ್ ಫ್ರೈಡೆಯಂದು ನೆಡುವುದು ಹಳೆಯ ರೂಢಿ. ಚಳಿಗಾಲದ ತರಕಾರಿ ಮುಗಿದು ಹೊಸತು ಬಾರದ ಈ ಅವಧಿಯನ್ನು ‘ಹಸಿವಿನ ಅಂತರ’ ಎನ್ನುತ್ತಾರೆ. ಆಗ ಒದಗುವ ಮುಖ್ಯ ಬೆಳೆ ರೂಬಾರ್ಬ್.
- ಮೇ–ಜೂನ್: ಹಿಮದ ಭಯ ಕಳೆದ ಮೇಲೆ ರನ್ನರ್ ಬೀನ್ಸ್, ಕುಂಬಳ, ಕೂರ್ಜೆಟ್‌ಗಳ ನಾಟಿ, ಸ್ಟ್ರಾಬೆರಿ ಮತ್ತು ಬ್ರಾಡ್ ಬೀನ್ಸ್ ಕೊಯ್ಲು.
- ಜುಲೈ–ಆಗಸ್ಟ್: ರಾಸ್ಪ್‌ಬೆರಿ, ಗೂಸ್‌ಬೆರಿ, ಬಟಾಣಿ, ಬೀಟ್‌ರೂಟ್, ಟೊಮ್ಯಾಟೊಗಳ ಸುಗ್ಗಿ.
- ಸೆಪ್ಟೆಂಬರ್–ಅಕ್ಟೋಬರ್: ಸೇಬು ಬಿಡಿಸುವುದು, ಈರುಳ್ಳಿ ಒಣಗಿಸುವುದು, ಬೆಳ್ಳುಳ್ಳಿ ನಾಟಿ.
- ನವೆಂಬರ್–ಡಿಸೆಂಬರ್: ಲೀಕ್, ಬ್ರಸೆಲ್ಸ್ ಸ್ಪ್ರೌಟ್ಸ್ ಮತ್ತು ಪಾರ್ಸ್‌ನಿಪ್ ಕೊಯ್ಲು. ಹಿಮ ಬಿದ್ದ ಬಳಿಕ ಪಾರ್ಸ್‌ನಿಪ್ ಗೆಡ್ಡೆಯ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು ರುಚಿ ಹೆಚ್ಚುತ್ತದೆ.

ಆಲೂಗಡ್ಡೆ, ದ್ವಿದಳ, ಎಲೆಕೋಸು ಮತ್ತು ಬೇರು ತರಕಾರಿಗಳ ಗುಂಪುಗಳನ್ನು ವರ್ಷವರ್ಷವೂ ಜಾಗ ಬದಲಿಸಿ ಬೆಳೆಯುವುದರಿಂದ ಮಣ್ಣಿನ ರೋಗಗಳು ತಗ್ಗುತ್ತವೆ. ಗೊಂಡೆಹುಳು, ಪಾರಿವಾಳ, ಬಿಳಿ ಚಿಟ್ಟೆಯ ಕಂಬಳಿಹುಳು ಮತ್ತು ಮಳೆಗಾಲದಂತಹ ತೇವದ ಬೇಸಗೆಯಲ್ಲಿ ಹರಡುವ ಆಲೂಗಡ್ಡೆಯ ಅಂಗಮಾರಿ ರೋಗ ಇಲ್ಲಿನ ಸಾಮಾನ್ಯ ಪೀಡೆಗಳು. ಹಳೆಯ ಬಾಗಿಲು, ಕಿಟಕಿಗಳಿಂದ ಕಟ್ಟಿದ ಗುಡಿಸಲು, ಮಳೆನೀರಿನ ಪೀಪಾಯಿ ಮತ್ತು ಎಲೆಗೊಬ್ಬರದ ರಾಶಿ ಪ್ರತಿ ತೋಟದಲ್ಲಿಯೂ ಕಾಣಸಿಗುತ್ತವೆ.

ಅಡುಗೆಮನೆಯೊಂದಿಗಿನ ನಂಟು

ಒಮ್ಮೆಲೇ ಕೈಸೇರುವ ಫಸಲನ್ನು ವರ್ಷವಿಡೀ ಉಳಿಸಿಕೊಳ್ಳುವ ಅಗತ್ಯವು ಬ್ರಿಟನ್ನಿನ ಮನೆಯಡುಗೆಯನ್ನು ಗಾಢವಾಗಿ ರೂಪಿಸಿದೆ. ಬೆರಿ ಹಣ್ಣುಗಳನ್ನು ಸಕ್ಕರೆಯೊಂದಿಗೆ ಸುಮಾರು 105 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಸಿದಾಗ ಹಣ್ಣಿನಲ್ಲಿರುವ ಪೆಕ್ಟಿನ್ ಗಟ್ಟಿಗೊಂಡು ಜಾಮ್ ಆಗುತ್ತದೆ. ಗೂಸ್‌ಬೆರಿ ಮತ್ತು ಕರಿ ಕರಂಟ್ ಹಣ್ಣುಗಳಲ್ಲಿ ಪೆಕ್ಟಿನ್ ಹೇರಳವಾಗಿರುವುದರಿಂದ ಅವು ಬೇಗನೆ ಹದಕ್ಕೆ ಬರುತ್ತವೆ. ಸ್ಟ್ರಾಬೆರಿಗೆ ನಿಂಬೆರಸದ ನೆರವು ಬೇಕಾಗುತ್ತದೆ.

ಬ್ರಿಟನ್ನಿನ ‘ಚಟ್ನಿ’ಯು ಹೆಸರನ್ನು ಭಾರತದಿಂದ ಪಡೆದಿದ್ದರೂ ಕನ್ನಡಿಗರು ದಿನನಿತ್ಯ ರುಬ್ಬುವ ಚಟ್ನಿಗಿಂತ ಭಿನ್ನವಾದುದು. ಹಣ್ಣಾಗದೆ ಉಳಿದ ಹಸಿರು ಟೊಮ್ಯಾಟೊ, ಸೇಬು, ಈರುಳ್ಳಿ ಮತ್ತು ಒಣದ್ರಾಕ್ಷಿಯನ್ನು ವಿನೆಗರ್, ಸಕ್ಕರೆ ಹಾಗೂ ಮಸಾಲೆಗಳೊಂದಿಗೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಜಾಡಿಗಳಲ್ಲಿ ತುಂಬಲಾಗುತ್ತದೆ. ಒಂದೆರಡು ತಿಂಗಳು ಹದಗೊಂಡ ಮೇಲೆ ಚೀಸ್ ಮತ್ತು ಬ್ರೆಡ್ಡಿನೊಂದಿಗೆ ತಿನ್ನುವ ಇದು, ಸ್ವಭಾವದಲ್ಲಿ ಉಪ್ಪಿನಕಾಯಿಗೆ ಹತ್ತಿರವಾದುದು. ಹೂಕೋಸು ಮತ್ತಿತರ ತರಕಾರಿಗಳನ್ನು ಅರಿಶಿನ, ಸಾಸಿವೆಗಳೊಂದಿಗೆ ಹಾಕುವ ಪಿಕ್ಕಲಿಲ್ಲಿಯನ್ನು 18ನೆಯ ಶತಮಾನದ ಇಂಗ್ಲಿಷ್ ಅಡುಗೆ ಪುಸ್ತಕಗಳು ಭಾರತೀಯ ಉಪ್ಪಿನಕಾಯಿ ಎಂದೇ ಕರೆದಿದ್ದವು.

ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಪುಡಿಪುಡಿಯಾಗಿ ಕಲಸಿ, ರೂಬಾರ್ಬ್ ಅಥವಾ ಸೇಬಿನ ಮೇಲೆ ಉದುರಿಸಿ ಬೇಯಿಸುವ ಕ್ರಂಬಲ್, ಪಡಿತರದ ಕಾಲದಲ್ಲಿ ಪೇಸ್ಟ್ರಿಗೆ ಮಿತವ್ಯಯದ ಪರ್ಯಾಯವಾಗಿ ಮನೆಮಾತಾಯಿತು. ರೂಬಾರ್ಬ್‌ನ ದಂಟನ್ನು ಮಾತ್ರ ತಿನ್ನಲಾಗುತ್ತದೆ. ಆಕ್ಸಾಲಿಕ್ ಆಮ್ಲವುಳ್ಳ ಎಲೆಗಳು ವಿಷಕಾರಿ. ಲೀಕ್ ಮತ್ತು ಆಲೂಗಡ್ಡೆಯ ಸೂಪು, ಭಾನುವಾರದ ಹುರಿದೂಟದ ಜೊತೆಗಿನ ಗೆಡ್ಡೆ ತರಕಾರಿಗಳು, ಕ್ರಿಸ್‌ಮಸ್ ಊಟದ ಬ್ರಸೆಲ್ಸ್ ಸ್ಪ್ರೌಟ್ಸ್ ಇವೆಲ್ಲ ತೋಟದ ಋತುಮಾನವನ್ನೇ ಅನುಸರಿಸುತ್ತವೆ.

ಕೆನಡಾದಲ್ಲಿ 1897ರಲ್ಲಿ ಹುಟ್ಟಿ, 1915ರಲ್ಲಿ ವೇಲ್ಸ್‌ನ ಆಂಗ್ಲ್‌ಸಿ ದ್ವೀಪದ ಗ್ರಾಮವೊಂದರ ಮೂಲಕ ಬ್ರಿಟನ್ನಿಗೆ ಬಂದ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಮಹಿಳಾ ಸಂಘಟನೆಯು ಈ ವಿದ್ಯೆಗಳನ್ನು ಉಳಿಸಿ ಬೆಳೆಸಿತು. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರವು ಈ ಸಂಘಟನೆಗೆ ಸಕ್ಕರೆಯನ್ನು ವಿಶೇಷವಾಗಿ ಒದಗಿಸಿತು. ಸದಸ್ಯೆಯರು ಗ್ರಾಮ ಸಭಾಭವನಗಳಲ್ಲಿ ಸೇರಿ, ಕೊಳೆತುಹೋಗುತ್ತಿದ್ದ ಸಾವಿರಾರು ಟನ್ ಹಣ್ಣನ್ನು ಜಾಮ್ ಮಾಡಿ ಉಳಿಸಿದರು.

ಸ್ಥಳೀಯ ಆಚರಣೆಗಳು

ಗ್ರಾಮ ಪ್ರದರ್ಶನ

ಬೇಸಗೆಯ ಕೊನೆಯಲ್ಲಿ ಹಳ್ಳಿ, ಪಟ್ಟಣಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವು ತೋಟ ಮತ್ತು ಅಡುಗೆಮನೆ ಎರಡೂ ಜನರೆದುರು ಬರುವ ದಿನ. ಡೇರೆಯಲ್ಲಿ ಅಥವಾ ಸಭಾಭವನದಲ್ಲಿ ಬಿಳಿಬಟ್ಟೆ ಹಾಸಿದ ಮೇಜುಗಳ ಮೇಲೆ ಸ್ಪರ್ಧೆಯ ವಸ್ತುಗಳನ್ನು ಜೋಡಿಸಲಾಗುತ್ತದೆ. ತರಕಾರಿ ವಿಭಾಗದಲ್ಲಿ ಗಾತ್ರಕ್ಕಿಂತ ಏಕರೂಪತೆಗೆ ಹೆಚ್ಚಿನ ಬೆಲೆ: ಎಲ್ಲ ಈರುಳ್ಳಿಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರಬೇಕು, ಬೀನ್ಸ್ ನೇರವಾಗಿರಬೇಕು. ಸೂಚಿಸಿದ ಸಂಖ್ಯೆಗಿಂತ ಒಂದು ಕಾಯಿ ಹೆಚ್ಚು ಅಥವಾ ಕಡಿಮೆ ಇದ್ದರೂ ಸ್ಪರ್ಧಿಯು ಅನರ್ಹನಾಗಬಹುದು. ಅಡುಗೆ ವಿಭಾಗದ ವಿಕ್ಟೋರಿಯಾ ಸ್ಪಂಜ್ ಕೇಕಿನ ನಡುವೆ ರಾಸ್ಪ್‌ಬೆರಿ ಜಾಮ್ ಮಾತ್ರ ಇರಬೇಕೆಂಬುದು ಹಲವೆಡೆಯ ಕಟ್ಟುನಿಟ್ಟಿನ ನಿಯಮ. ಬಹುಮಾನದ ಹಣ ನಗಣ್ಯವಾಗಿದ್ದರೂ ಗೆದ್ದವರ ಪ್ರತಿಷ್ಠೆ ವರ್ಷವಿಡೀ ಉಳಿಯುತ್ತದೆ.

ಕೆಲವು ಪ್ರದೇಶಗಳಲ್ಲಿ ಒಂದೇ ಬೆಳೆಗೆ ಮೀಸಲಾದ ಸ್ಪರ್ಧೆಗಳಿವೆ. ಉತ್ತರ ಯಾರ್ಕ್‌ಶೈರಿನ ಎಗ್ಟನ್ ಬ್ರಿಜ್‌ನಲ್ಲಿ 1800ರಲ್ಲಿ ಆರಂಭವಾದ ಗೂಸ್‌ಬೆರಿ ಪ್ರದರ್ಶನವು ಪ್ರತಿವರ್ಷ ಆಗಸ್ಟ್ ತಿಂಗಳ ಮೊದಲ ಮಂಗಳವಾರ ನಡೆಯುತ್ತದೆ. ಅಲ್ಲಿ ಅತ್ಯಂತ ಭಾರವಾದ ಹಣ್ಣಿಗೆ ಗೆಲುವು. ಈಶಾನ್ಯ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಊರುಗಳಲ್ಲಿ ಕಾರ್ಮಿಕರು ದೈತ್ಯ ಲೀಕ್ ಬೆಳೆಯುವ ಪೈಪೋಟಿಯನ್ನು ರೂಢಿಸಿದರು. ತಳಿ ಮತ್ತು ಗೊಬ್ಬರದ ಗುಟ್ಟುಗಳನ್ನು ಮನೆತನದೊಳಗೇ ಕಾಪಾಡಿಕೊಳ್ಳಲಾಗುತ್ತಿತ್ತು. ಸ್ಪರ್ಧೆಯ ಹಿಂದಿನ ರಾತ್ರಿ ಎದುರಾಳಿಗಳು ಗಿಡ ಕತ್ತರಿಸದಂತೆ ತೋಟದಲ್ಲಿಯೇ ಕಾವಲು ಮಲಗುವುದೂ ಉಂಟು. ಗಣಿಗಳು ಮುಚ್ಚಿದ ಬಳಿಕವೂ ಈ ಪ್ರದರ್ಶನಗಳು ಕೆಲವೆಡೆ ಮುಂದುವರಿದಿವೆ.

ಸುಗ್ಗಿ ಹಬ್ಬ ಮತ್ತು ಇತರ ದಿನಗಳು

ಸುಗ್ಗಿಯ ಕೃತಜ್ಞತೆಯ ಆಚರಣೆ ಪುರಾತನವಾದರೂ ಚರ್ಚುಗಳಲ್ಲಿ ಇಂದು ನಡೆಯುವ ರೂಪವನ್ನು 1843ರಲ್ಲಿ ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಗ್ರಾಮದ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ ಆರಂಭಿಸಿದರೆಂದು ಗುರುತಿಸಲಾಗುತ್ತದೆ. ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಚರ್ಚು, ಶಾಲೆಗಳನ್ನು ತರಕಾರಿ, ಹಣ್ಣು ಮತ್ತು ಧಾನ್ಯದ ಸಿವುಡುಗಳಿಂದ ಅಲಂಕರಿಸಿ, ಅನಂತರ ಅವನ್ನು ಅಗತ್ಯವಿದ್ದವರಿಗೆ ಹಂಚಲಾಗುತ್ತದೆ. 1990ರಿಂದ ಅಕ್ಟೋಬರ್ 21ರ ಆಸುಪಾಸಿನಲ್ಲಿ ಆಚರಿಸಲಾಗುವ ಸೇಬಿನ ದಿನವು ಸ್ಥಳೀಯ ತಳಿಗಳ ಉಳಿವಿಗೆ ಗಮನ ಸೆಳೆಯುತ್ತದೆ. ನವೆಂಬರ್ 5ರ ದೀಪೋತ್ಸವದ ರಾತ್ರಿ ಬೆಂಕಿಯ ಸುತ್ತ ಸುಟ್ಟ ಆಲೂಗಡ್ಡೆ ತಿನ್ನುವುದು ರೂಢಿ. ಪಶ್ಚಿಮ ಇಂಗ್ಲೆಂಡಿನ ಸೈಡರ್ ತೋಟಗಳಲ್ಲಿ ಜನವರಿಯಲ್ಲಿ ನಡೆಯುವ ವಾಸೇಲಿಂಗ್ ಆಚರಣೆಯಲ್ಲಿ ಹಾಡು, ಸದ್ದುಗಳಿಂದ ಸೇಬಿನ ಮರಗಳನ್ನು ಎಚ್ಚರಿಸಿ ಒಳ್ಳೆಯ ಫಸಲನ್ನು ಹಾರೈಸಲಾಗುತ್ತದೆ.

ಸಾಮಾಜಿಕ ಮಹತ್ವ

ಅಲಾಟ್‌ಮೆಂಟ್‌ಗಳಲ್ಲಿ ವೃತ್ತಿ, ವರ್ಗ ಮತ್ತು ಮೂಲದೇಶಗಳ ಭೇದವಿಲ್ಲದೆ ಜನರು ಅಕ್ಕಪಕ್ಕದಲ್ಲಿ ದುಡಿಯುತ್ತಾರೆ. ಹೆಚ್ಚುವರಿ ಸಸಿ ಮತ್ತು ಫಸಲಿನ ವಿನಿಮಯ ಸಾಮಾನ್ಯ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಕೆರಿಬಿಯನ್ ಮತ್ತು ದಕ್ಷಿಣ ಏಷ್ಯಾದಿಂದ ಬಂದು ನೆಲೆಸಿದವರು ಬರ್ಮಿಂಗ್‌ಹ್ಯಾಮ್, ಲೆಸ್ಟರ್, ಲಂಡನ್ ಮುಂತಾದ ನಗರಗಳ ತೋಟಗಳಲ್ಲಿ ಕೊತ್ತಂಬರಿ, ಮೆಂತ್ಯ, ಸೋರೆ, ಹರಿವೆಗಳನ್ನು ಬೆಳೆಯತೊಡಗಿದರು. ಉಷ್ಣವಲಯದ ಬಳ್ಳಿಗಳನ್ನು ಪಾಲಿಥಿನ್ ಸುರಂಗಗಳಲ್ಲಿ ಬೆಳೆಸುವ ಕೌಶಲ ಅವರಿಂದ ನೆರೆಯವರಿಗೂ ಹರಡಿದೆ.

ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲೆಸ್ಟರ್ ನಗರದಲ್ಲಿ ನಡೆಸಿದ ಅಧ್ಯಯನವೊಂದರಲ್ಲಿ (2014) ಅಲಾಟ್‌ಮೆಂಟ್‌ಗಳ ಮಣ್ಣಿನಲ್ಲಿ ಸಾಗುವಳಿ ಹೊಲಗಳಿಗಿಂತ ಶೇ. 32ರಷ್ಟು ಹೆಚ್ಚು ಸಾವಯವ ಇಂಗಾಲ ಕಂಡುಬಂದಿತು. ಕೊಟ್ಟಿಗೆ ಗೊಬ್ಬರ ಮತ್ತು ಎಲೆಗೊಬ್ಬರದ ನಿರಂತರ ಬಳಕೆ ಇದಕ್ಕೆ ಮುಖ್ಯ ಕಾರಣ.

ತೋಟಗಳ ನಾಶ ಮತ್ತು ಸಂರಕ್ಷಣೆ

ನಗರದ ನೆಲದ ಬೆಲೆ ಏರಿದಂತೆ ಅಲಾಟ್‌ಮೆಂಟ್‌ಗಳು ವಸತಿ ಮತ್ತು ರಸ್ತೆ ಯೋಜನೆಗಳಿಗೆ ಬಲಿಯಾಗುತ್ತ ಬಂದಿವೆ. ಬ್ರಿಟನ್ನಿನ ಹತ್ತು ನಗರ ಪ್ರದೇಶಗಳನ್ನು ಕುರಿತ 2020ರ ಅಧ್ಯಯನವು, 20ನೆಯ ಶತಮಾನದ ಮಧ್ಯದ ಉತ್ತುಂಗಕ್ಕೆ ಹೋಲಿಸಿದರೆ ಅಲಾಟ್‌ಮೆಂಟ್ ಭೂಮಿ ಶೇ. 65ರಷ್ಟು ಕುಗ್ಗಿದೆಯೆಂದು ತೋರಿಸಿತು. ಅತ್ಯಂತ ಬಡ ಬಡಾವಣೆಗಳಲ್ಲಿ ಈ ನಷ್ಟವು ಅತ್ಯಂತ ಸ್ಥಿತಿವಂತ ಬಡಾವಣೆಗಳಿಗಿಂತ ಎಂಟುಪಟ್ಟು ಹೆಚ್ಚಾಗಿತ್ತು. ಬಡವರಿಗಾಗಿಯೇ ಆರಂಭವಾದ ವ್ಯವಸ್ಥೆಯು ಅವರಿರುವಲ್ಲಿಯೇ ಹೆಚ್ಚು ಸವೆದಿರುವುದು ಇದರಿಂದ ತಿಳಿಯುತ್ತದೆ.

ಲಂಡನ್ನಿನ ಲೀ ಕಣಿವೆಯಲ್ಲಿ ಸುಮಾರು ಒಂದು ಶತಮಾನದಿಂದ ಇದ್ದ ಮ್ಯಾನರ್ ಗಾರ್ಡನ್ಸ್ ಅಲಾಟ್‌ಮೆಂಟ್‌ಗಳನ್ನು 2012ರ ಒಲಿಂಪಿಕ್ ಕ್ರೀಡಾಕೂಟದ ಉದ್ಯಾನಕ್ಕಾಗಿ 2007ರಲ್ಲಿ ತೆರವುಗೊಳಿಸಲಾಯಿತು. ತೋಟಗಾರರ ಪ್ರತಿಭಟನೆ ವ್ಯಾಪಕ ಸಹಾನುಭೂತಿ ಗಳಿಸಿತಾದರೂ ತೆರವನ್ನು ತಡೆಯಲಾಗಲಿಲ್ಲ. ಅವರಿಗೆ ಲೇಟನ್‌ನಲ್ಲಿ ಬದಲಿ ಜಾಗ ನೀಡಲಾಯಿತು.

ಕಾನೂನಿನ ದೃಷ್ಟಿಯಲ್ಲಿ ಅಲಾಟ್‌ಮೆಂಟ್‌ಗೆಂದೇ ಪಡೆದ ‘ಶಾಸನಬದ್ಧ’ ತಾಣಗಳಿಗೆ ಮಾತ್ರ 1925ರ ಶಾಸನದ ರಕ್ಷಣೆಯಿದೆ. ಬೇರೆ ಉದ್ದೇಶಕ್ಕೆ ಪಡೆದು ‘ತಾತ್ಕಾಲಿಕ’ವಾಗಿ ತೋಟಕ್ಕೆ ಬಿಟ್ಟ ತಾಣಗಳಿಗೆ, ಅವು ದಶಕಗಳಿಂದ ಬಳಕೆಯಲ್ಲಿದ್ದರೂ, ಅಂತಹ ರಕ್ಷಣೆ ಇಲ್ಲ. ಹಾಗಾಗಿ ತಮ್ಮ ತಾಣವು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ತಿಳಿದುಕೊಳ್ಳುವುದು ತೋಟಗಾರರ ಸಂಘಗಳ ಮೊದಲ ಕರ್ತವ್ಯವೆಂದು ಪರಿಗಣಿತವಾಗಿದೆ.

ಜನಪ್ರಿಯ ಸಂಸ್ಕೃತಿಯಲ್ಲಿ

ದೈತ್ಯ ತರಕಾರಿ ಸ್ಪರ್ಧೆಯ ಸುತ್ತ ಹೆಣೆದ ಅನಿಮೇಷನ್ ಚಲನಚಿತ್ರ ‘ವ್ಯಾಲೇಸ್ ಆಂಡ್ ಗ್ರಾಮಿಟ್: ದಿ ಕರ್ಸ್ ಆಫ್ ದಿ ವೇರ್-ರ‍್ಯಾಬಿಟ್’ 2005ರಲ್ಲಿ ತೆರೆಕಂಡಿತು. ಬಿಬಿಸಿಯ ದೀರ್ಘಕಾಲಿಕ ಧಾರಾವಾಹಿ ‘ಈಸ್ಟ್‌ಎಂಡರ್ಸ್’ನಲ್ಲಿ ಆರ್ಥರ್ ಫೌಲರ್ ಪಾತ್ರದ ಅಲಾಟ್‌ಮೆಂಟ್ ಪ್ರೇಕ್ಷಕರಿಗೆ ಚಿರಪರಿಚಿತವಾಗಿತ್ತು. 2010ರಲ್ಲಿ ಆರಂಭವಾದ ‘ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್’ ಅಡುಗೆ ಸ್ಪರ್ಧೆಯು ಗ್ರಾಮ ಪ್ರದರ್ಶನದ ಬಿಳಿ ಡೇರೆಯನ್ನೇ ತನ್ನ ರಂಗವಾಗಿಸಿಕೊಂಡಿದೆ.